ತುಂಡು ತುಂಡಾಗಿ ಕೆಳಗಿಳಿದ ರೇಲಿಂಗು

ಚಳಿ ಆಗಷ್ಟೇ ಕಾಲಿಟ್ಟಿತ್ತು. ಹಾಲಿನವನು ಬಂದು ಹೋಗಿ, ಮಕ್ಕಳು ಇನ್ನೂ ಶಾಲೆಗೆ ಹೊರಟಿರದ ಹೊತ್ತು. ಬಡಗಿ ಅಂಗಡಿಯ ಬಾಗಿಲು ತೆಗೆದು, ಸ್ಟೂಲು ಎಳೆದುಕೊಂಡು ಕೂತು ಉಳಿ ಮಸೆಯುತ್ತಿದ್ದ.

ಅವನು ಉಳಿ ಮಸೆಯುವುದನ್ನು ಕಂಡವರು ಇವನಂಥ ಕೆಲಸಗಾರ ಇನ್ನೊಬ್ಬನಿಲ್ಲ ಎಂದುಕೊಳ್ಳಬೇಕು. ಕಲ್ಲಿಗೆ ನೀರು ಚಿಮುಕಿಸುವನು, ಉಳಿಯನ್ನು ಬೆಳಕಿಗೆ ಹಿಡಿಯುವನು, ಹೆಬ್ಬೆರಳಿನ ಉಗುರಿನ ಮೇಲೆ ಅದರ ಅಂಚು ನೋಡುವನು, ಮತ್ತೆ ಮಸೆಯುವನು. ಎಲ್ಲ ಉಳಿಗಳೂ ಮುಗಿದ ಮೇಲೆ ಮೊದಲಿನದನ್ನೇ ತಿರುಗಿ ಕೈಗೆತ್ತಿಕೊಳ್ಳುವನು. ಕೈಗೆ ಬಿಡುವಿಲ್ಲ, ಕೆಲಸ ಮಾತ್ರ ಇದ್ದಲ್ಲೇ ಇರುತ್ತಿತ್ತು. ಬೀದಿಯವರು ಅವನಿಗೆ ನಾಳೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಮನುಷ್ಯ ಕೆಟ್ಟವನೇನಲ್ಲ. ಕೈಯಲ್ಲಿ ಒಳ್ಳೆಯ ಕಸುಬಿತ್ತು, ಬಾಯಲ್ಲಿ ನಾಳೆ ಇತ್ತು, ಅಷ್ಟೆ.

ಅಂಗಡಿಯ ಮೇಲೆಯೇ ಮನೆ. ನಡುವೆ ಕಡಿದಾದ, ಇಕ್ಕಟ್ಟಿನ ಮೆಟ್ಟಿಲು. ಎರಡು ಕಡೆಯೂ ಬೋಳು ಗೋಡೆ, ಕೈಗೆ ಹಿಡಿಯಲು ಏನೂ ಇಲ್ಲ. ಮಳೆಗಾಲದಲ್ಲಿ ಅವನ ತಾಯಿ ಆ ಮೆಟ್ಟಿಲಲ್ಲೇ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಮಾಡಿ, ಒಳಗೆ ಲೋಹದ ಪಟ್ಟಿ ಕೂಡಿಸಿ ಕಳಿಸಿದ್ದರು. ಅಂದಿನಿಂದ ಮೇಲಿನ ಕೋಣೆ, ಕೋಣೆಯ ಕಿಟಕಿ, ಇಷ್ಟೇ ಅವಳ ಲೋಕ.

ರೇಲಿಂಗು ಹಾಕುತ್ತೇನೆ ಎಂದು ಮಗ ಹೇಳಿದ್ದ. ತಾಯಿ ಬಿದ್ದ ಮೇಲಲ್ಲ, ಬೀಳುವುದಕ್ಕೂ ಮೊದಲೇ. ಅದಕ್ಕೆಂದೇ ಒಂದು ಉದ್ದನೆಯ ಹಲಗೆಯನ್ನು ಆರಿಸಿ ಅಂಗಡಿಯ ಮೂಲೆಗೆ ಒರಗಿಸಿಟ್ಟಿದ್ದ. ಗಂಟಿಲ್ಲದ, ಜೇನಿನ ಬಣ್ಣದ ಮರ. ಮೇಲಿಂದ ಕೆಳಗಿನವರೆಗೆ ಒಂದೇ ತುಂಡಿನ ರೇಲಿಂಗು, ತುದಿಯಲ್ಲಿ ಅಂಗೈಗೆ ಹೊಂದುವ ತಿರುವು, ಕನ್ನಡಿಯಂಥ ಪಾಲಿಶ್. ಮನಸ್ಸಿನಲ್ಲಿ ಅದು ಯಾವತ್ತೋ ಮುಗಿದಿತ್ತು. ಹಲಗೆಯ ಮೇಲೆ ಮಾತ್ರ ಧೂಳು ಕೂತಿತ್ತು.

ತಾಯಿ ಸಂಜೆ ಹೊತ್ತು ಕಿಟಕಿಗೆ ಬಂದು ಕೂರುವಳು. ಬೀದಿಯ ಆ ತುದಿಯಲ್ಲಿ ಅವಳ ಗೆಳತಿಯ ಅಂಗಡಿ. ಗುಂಡಿ, ದಾರ, ಸೂಜಿ ಮಾರುವ ಆ ಮುದುಕಿಯನ್ನು ಎಲ್ಲರೂ ಗುಂಡಿಯಕ್ಕ ಎನ್ನುತ್ತಿದ್ದರು. ಮೊದಲೆಲ್ಲ ಇಬ್ಬರೂ ದಿನಾ ಸಂಜೆ ಆ ಅಂಗಡಿಯ ಜಗಲಿಯಲ್ಲಿ ಕೂತು ಬೀದಿಯ ಸುದ್ದಿಯನ್ನೆಲ್ಲ ಜಾಲಾಡುತ್ತಿದ್ದರು. ಈಗ ಗುಂಡಿಯಕ್ಕನಿಗೆ ಮಂಡಿ ನೋವು, ಮೇಲೆ ಹತ್ತಲಾರಳು. ಇವಳು ಕೆಳಗಿಳಿಯಲಾರಳು. ಗುಂಡಿಯಕ್ಕ ಕಿಟಕಿಯ ಕೆಳಗೆ ಬಂದು ನಿಂತು ಕೂಗುವಳು:

"ಏನೇ, ನಿನ್ನ ಮಗನ ನಾಳೆ ಇನ್ನೂ ಬರಲಿಲ್ವೇನೇ?"

"ದಾರೀಲಿದೆಯಂತೆ ಕಣೇ!"

ಕೆಳಗೆ ಬಡಗಿಗೆ ಎಲ್ಲ ಕೇಳಿಸುತ್ತಿತ್ತು. ಅವನು ಇನ್ನಷ್ಟು ಜೋರಾಗಿ ಮಸೆಯುತ್ತಿದ್ದ.

ಆ ಚಳಿಗಾಲದ ಬೆಳಿಗ್ಗೆ ಹಾಗೆ ಮಸೆಯುತ್ತಿದ್ದಾಗಲೇ ಮೆಟ್ಟಿಲ ಕಡೆಯಿಂದ ಟಪ್ ಎಂದು ಸದ್ದಾಯಿತು. ಮತ್ತೆ ಟಪ್, ಮತ್ತೆ ಟಪ್. ಒಂದು ಚಪ್ಪಲಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿ ಬಂದು ಅವನ ಕಾಲ ಬಳಿ ಮಗುಚಿ ಬಿತ್ತು. ತಾಯಿಯ ಚಪ್ಪಲಿ.

ಉಳಿ ಎಲ್ಲಿ ಬಿತ್ತೋ, ಅವನು ಹೇಗೆ ಓಡಿದನೋ. ತಾಯಿ ಮೇಲಿನ ಮೆಟ್ಟಿಲಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತಿದ್ದಳು. ಎರಡೂ ಅಂಗೈಯನ್ನು ಗೋಡೆಗೆ ಒತ್ತಿದ್ದಳು.

"ಅಮ್ಮಾ! ಏನಾಯ್ತಮ್ಮಾ?"

"ಏನೂ ಆಗಿಲ್ಲ ಕಣೋ. ಚಪ್ಪಲಿಗೆ ಅವಸರ, ಅದು ಮುಂದೆ ಹೋಯ್ತು. ನಾನು ಹಿಂದೆ ಉಳಿದೆ."

"ಒಬ್ಬಳೇ ಯಾಕೆ ಇಳಿಯೋಕೆ ಹೋದೆ? ನಾನಿರಲಿಲ್ವಾ?"

ತಾಯಿ ಅವನ ಮುಖ ನೋಡಿದಳು. ಬೈಯಲಿಲ್ಲ. "ನೀನಿದ್ದೀಯ ಮಗನೇ. ನಾನೇ ಎಷ್ಟು ದಿನ ಇರ್ತೀನೋ ಗೊತ್ತಿಲ್ಲವಲ್ಲ," ಎಂದಳು.

ಬಡಗಿ ಅವಳ ತೋಳು ಹಿಡಿದು ಎಬ್ಬಿಸಿ ಕೋಣೆಗೆ ಕರೆದುಕೊಂಡು ಹೋದ.

ಅದೇ ದಿನ ಆಸ್ಪತ್ರೆಯಿಂದ ವ್ಯಾಯಾಮ ಹೇಳಿಕೊಡುವ ಹೆಣ್ಣುಮಗಳು ಬಂದಳು. ವಾರಕ್ಕೊಮ್ಮೆ ಬಂದು ತಾಯಿಯ ಕಾಲು ಮಡಿಸಿ, ಚಾಚಿಸಿ, ಎದ್ದು ನಿಲ್ಲಿಸಿ ಹೋಗುತ್ತಿದ್ದಳು. ನಡೆದದ್ದನ್ನೆಲ್ಲ ಕೇಳಿದಳು. ತಾಯಿಯ ಸೊಂಟ ಮುಟ್ಟಿ ನೋಡಿದಳು. ಪೆಟ್ಟಾಗಿರಲಿಲ್ಲ. ಆಮೇಲೆ ಬಡಗಿಯ ಕಡೆ ತಿರುಗಿದಳು.

"ಅಣ್ಣಾ, ಈ ಚಳಿಗಾಲ ಕಳೆಯೋದ್ರೊಳಗೆ ಅಮ್ಮ ಮೆಟ್ಟಿಲು ಇಳಿದು ಹತ್ತೋದನ್ನ ಕಲೀಬೇಕು. ಸುಮ್ಮನೆ ಕೂತಷ್ಟೂ ಕಾಲಿನ ಶಕ್ತಿ ಕರಗುತ್ತೆ. ಆಮೇಲೆ ನೀವು ಬಂಗಾರದ ರೇಲಿಂಗು ಹಾಕಿದ್ರೂ ಹಿಡಿಯೋರು ಇರಲ್ಲ."

"ಮಾಡ್ತೀನಿ ಮೇಡಂ. ಒಂದು ಪೂರ್ತಿ ದಿನ ಬಿಡುವು ಸಿಗಲಿ ಅಂತ ಕಾಯ್ತಿದೀನಿ. ಯಾರೂ ಕರೀಬಾರದು, ಯಾರೂ ಬರಬಾರದು. ಅಂಥಾ ದಿನ ಸಿಕ್ಕರೆ ಒಂದೇ ಏಟಿಗೆ ಮುಗಿಸಿಬಿಡ್ತೀನಿ."

"ಅಂಥಾ ದಿನ ಕೊನೇ ಸಲ ಯಾವಾಗ ಬಂದಿತ್ತು?"

ಬಡಗಿ ತಲೆ ಕೆರೆದುಕೊಂಡ. ಅಡುಗೆಮನೆಯಿಂದ ಅವನ ಹೆಂಡತಿ ಉತ್ತರ ಕೊಟ್ಟಳು: "ನಮ್ಮ ಮದುವೆ ದಿನ ಬಂದಿತ್ತು ಮೇಡಂ. ಅವತ್ತೂ ತಡವಾಗೇ ಬಂದ್ರು."

ತಾಯಿ ನಕ್ಕಳು. ಬಡಗಿಯೂ ನಗಲು ಹೋದ, ನಗು ಅರ್ಧಕ್ಕೇ ನಿಂತಿತು. "ನಿಜ ಹೇಳ್ಬೇಕಂದ್ರೆ ಮೇಡಂ," ಎಂದ, ದನಿ ತಗ್ಗಿಸಿ, "ಆ ಮೆಟ್ಟಿಲ ಮುಂದೆ ನಿಂತ್ರೆ ನನ್ನ ಕೈಯೇ ಏಳಲ್ಲ. ಮೊದಲೇ ಹಾಕಿದ್ರೆ ಅಮ್ಮ ಬೀಳ್ತಾನೇ ಇರಲಿಲ್ಲ ಅನ್ಸುತ್ತೆ. ಅದಕ್ಕೇ, ಮಾಡಿದ್ರೆ ಹೇಗೇಗೋ ಮಾಡಬಾರದು, ಬಹಳ ಚೆನ್ನಾಗಿ ಮಾಡ್ಬೇಕು ಅಂತ..."

"ಸೋಮಾರಿತನ ಅಂತ ನಾನೂ ಅಂದ್ಕೊಂಡಿದ್ದೆ," ಎಂದಳು ಆಸ್ಪತ್ರೆಯ ಹೆಣ್ಣುಮಗಳು ಮೆತ್ತಗೆ. "ಸೋಮಾರಿ ಇಷ್ಟೊಂದು ಉಳಿ ಮಸೆಯಲ್ಲ. ದೊಡ್ಡದು ಅನ್ನಿಸಿದ ಕೆಲಸಕ್ಕೆ ಮನಸ್ಸು ಹೆದರುತ್ತೆ. ಹೆದರಿದ್ದು ತೋರಿಸ್ಬಾರದು ಅಂತ ಇನ್ಯಾವುದೋ ಸಣ್ಣ ಕೆಲಸ ಹಿಡ್ಕೊಂಡು ಕೂತಿರುತ್ತೆ. ಅಣ್ಣಾ, ಮೊದಲ ದಿನ ನಿಮ್ಮ ತಾಯಿಗೆ ನಾನು ನಡೀರಿ ಅಂದ್ನಾ?"

"ಇಲ್ಲ. ಮಂಚದ ಅಂಚಿಗೆ ಬಂದು ಕೂತ್ಕೊಳ್ಳಿ ಅಂದ್ರಿ."

"ಅವರೇನಂದ್ರು?"

ತಾಯಿಯೇ ಹೇಳಿದಳು: "ಕೂತ್ಕೊಳ್ಳೋದೂ ಒಂದು ಕೆಲಸವೇನೇ ಮಗಳೇ ಅಂದಿದ್ದೆ. ಈಗ ನೋಡು, ಕುಕ್ಕರ್ ಒಂದು ಸಲ ಕೂಗಿದ್ರೆ ನಾನೂ ಒಂದು ಸಲ ಎದ್ದು ನಿಲ್ತೀನಿ. ಸೊಸೆ ಏನೇ ಬೇಯಿಸಲಿ, ನನ್ನ ವ್ಯಾಯಾಮ ಆಗ್ಹೋಗುತ್ತೆ."

"ರೇಲಿಂಗನ್ನೂ ಹಾಗೇ ಮಾಡಿ ಅಣ್ಣಾ. ಪೂರ್ತಿ ದಿನ ಬೇಡ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೀತೀರಲ್ಲ, ತೆಗೆದ ಕೂಡಲೇ, ಬೇರೆ ಏನನ್ನೂ ಮುಟ್ಟದೆ ಮೆಟ್ಟಿಲಿಗೆ ಬನ್ನಿ. ಒಂದೇ ಒಂದು ತುಂಡು ಹಾಕಿ. ಮೇಲಿಂದ ಶುರು ಮಾಡಿ. ರೇಲಿಂಗು ಎಲ್ಲಿವರೆಗೆ ಬರುತ್ತೋ ಅಮ್ಮ ಅಲ್ಲಿವರೆಗೆ ಇಳಿದು ಹತ್ತಲಿ. ಸೊಸೆ ಪಕ್ಕದಲ್ಲಿರಲಿ."

ಬಡಗಿ ಬೆಚ್ಚಿದ. "ತುಂಡು ತುಂಡಾಗಾ? ಅಷ್ಟು ಚೆಂದದ ಹಲಗೆ ಕತ್ತರಿಸಿಬಿಡ್ಲಾ? ಜೋಡಣೆ ಎದ್ದು ಕಾಣುತ್ತೆ ಮೇಡಂ. ನೋಡಿದೋರು ನನ್ನ ಕಸುಬಿಗೇ ನಗ್ತಾರೆ."

"ಕಾಣಲಿ ಬಿಡೋ," ಎಂದಳು ತಾಯಿ. "ನನ್ನ ಸೊಂಟದಲ್ಲೂ ಜೋಡಣೆ ಇದೆ. ಅದನ್ನಿಟ್ಕೊಂಡೇ ನಿಂತಿಲ್ವಾ ನಾನು?"

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಸೇರಿಸಿದಳು: "ಹಾಗೇ ಆ ಮಸೆಯೋ ಕಲ್ಲು ತಂದು ಇಲ್ಲಿ ಕೊಡು. ನನ್ನ ದಿಂಬಿನ ಪಕ್ಕ ಇರಲಿ. ತುಂಡು ಹಾಕಿ ಬಾ, ಕಲ್ಲು ತಗೊಂಡು ಹೋಗು. ಸಂಜೆ ತಿರುಗಿ ತಂದಿಡು."

"ಅಮ್ಮಾ, ನನಗೇನು ಎಳೇ ಮಗು ಅಂದ್ಕೊಂಡಿದೀಯಾ?"

"ಮಗು ಆಗಿದ್ರೆ ಹೇಳಿದ ಮಾತು ಕೇಳ್ತಿದ್ದೆ."

ಮರುದಿನ ಬೆಳಿಗ್ಗೆ ಬಡಗಿ ಬಾಗಿಲು ತೆಗೆದ. ಕೈ ತಾನಾಗಿಯೇ ಕಲ್ಲಿನ ಜಾಗಕ್ಕೆ ಹೋಯಿತು. ಅಲ್ಲಿ ಕಲ್ಲಿರಲಿಲ್ಲ. ಕೊನೆಗೆ ಮೂಲೆಯ ಹಲಗೆಯನ್ನು ಎತ್ತಿ ತಂದು ಧೂಳು ಒರೆಸಿದ. ಗರಗಸ ಹಚ್ಚುವಾಗ ಎದೆಗೇ ಹಚ್ಚಿದಂತಾಯಿತು. ಒಂದು ತುಂಡು ಬಿತ್ತು. ಉಜ್ಜುಗೊರಡು ಆಡಿಸಿ ಅಂಚು ನಯ ಮಾಡಿದ. ಮೇಲಿನ ಗೋಡೆಗೆ ಆಸರೆ ಕೂಡಿಸಿ, ಸ್ಕ್ರೂ ಬಿಗಿದು, ತುಂಡನ್ನು ನಿಲ್ಲಿಸಿದ. ತನ್ನ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಜಗ್ಗಿ ನೋಡಿದ. ಅಲುಗಲಿಲ್ಲ. ನೋಡಿದರೆ ಒಲೆಯ ಮೇಲಿನ ಚಹಾ ಇನ್ನೂ ಕುದಿದಿರಲಿಲ್ಲ. ಇಷ್ಟು ಹೊತ್ತಿನ ಕೆಲಸವನ್ನೇ ಮಳೆಗಾಲವಿಡೀ ಹೊತ್ತುಕೊಂಡು ತಿರುಗಿದೆನೇ ಎಂದು ಅವನಿಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು.

ಅಂದು ತಾಯಿ ಆ ತುಂಡು ಹಿಡಿದು ಒಂದು ಮೆಟ್ಟಿಲು ಇಳಿದಳು, ಒಂದು ಮೆಟ್ಟಿಲು ಹತ್ತಿದಳು. "ಬೆಚ್ಚಗಿದೆ ಕಣೋ ಮರ," ಎಂದು ಕಲ್ಲು ಕೊಟ್ಟಳು.

ಹೀಗೆ ರೇಲಿಂಗು ದಿನಕ್ಕಿಷ್ಟು ಕೆಳಗಿಳಿಯುತ್ತ ಬಂತು. ಅದರ ಹಿಂದೆಯೇ ತಾಯಿಯೂ ಇಳಿಯುತ್ತ ಬಂದಳು. ರಾತ್ರಿ ಅಂಗಡಿ ಮುಚ್ಚುವ ಮೊದಲು ಬಡಗಿ ಮರುದಿನದ ತುಂಡು, ಸ್ಕ್ರೂ, ತಿರುಪುಳಿ ಮೂರನ್ನೂ ಮೆಟ್ಟಿಲ ಬುಡದಲ್ಲಿ ಇಟ್ಟು ಹೋಗತೊಡಗಿದ. ಬೆಳಿಗ್ಗೆ ಹುಡುಕುವ ನೆಪವೂ ತಪ್ಪಿತು.

ಅರ್ಧಕ್ಕೆ ಬಂದಾಗ ಒಂದು ದೊಡ್ಡ ಕೆಲಸ ಸಿಕ್ಕಿತು. ಯಾರದೋ ಮನೆಗೆ ಬೀರು ಮಾಡಿಕೊಡಬೇಕು. ಒಂದು ಬೆಳಿಗ್ಗೆ ತುಂಡು ತಪ್ಪಿತು. ಮರುದಿನವೂ ತಪ್ಪಿತು. ಮೂರನೆಯ ದಿನ ಹೆಂಡತಿ ಕೇಳಿದ್ದಕ್ಕೆ, "ಓಟ ಕೆಟ್ಟೋಯ್ತು ಕಣೇ. ಸೋಮವಾರದಿಂದ ಹೊಸದಾಗಿ ಶುರು ಮಾಡ್ತೀನಿ," ಎಂದ. ಬಾಯಿ ಮುಚ್ಚುವುದರೊಳಗೆ ಮೆಟ್ಟಿಲ ಕಡೆಯಿಂದ ದನಿ ಬಂತು.

"ನಾನು ಬಂದಿದೀನಿ ಕಣೋ! ನೀನೆಲ್ಲಿಗೆ ಬಂದೆ?"

ಇಣುಕಿ ನೋಡಿದರೆ, ರೇಲಿಂಗು ಮುಗಿದ ಮೆಟ್ಟಿಲಲ್ಲಿ ತಾಯಿ ಕೂತಿದ್ದಾಳೆ. ತೊಡೆಯ ಮೇಲೆ ಮಸೆಯುವ ಕಲ್ಲು. ಮೊನ್ನೆಯೂ ನಿನ್ನೆಯೂ ಅಲ್ಲಿಯೇ ಬಂದು ಕೂತಿದ್ದಳಂತೆ. ಗದ್ದಲದಲ್ಲಿ ಅವನಿಗೆ ಗೊತ್ತಾಗಿರಲಿಲ್ಲ.

"ಸೋಮವಾರದಿಂದಮ್ಮಾ..."

"ಸೋಮವಾರಕ್ಕೇನು ಕೊಂಬಿದೆಯಾ? ತಪ್ಪಿದ್ದು ತಪ್ಪಿತು, ಅದನ್ನ ಯಾರು ಕೇಳಿದ್ರು? ಈ ದಿನ ಇನ್ನೂ ಮುಗಿದಿಲ್ವಲ್ಲ. ನಾನು ಇಲ್ಲೇ ಕೂತಿರ್ತೀನಿ, ಹೋಗು."

ಬಡಗಿ ಬೀರಿನ ಬಾಗಿಲನ್ನು ಕೆಳಗಿಟ್ಟ. ತುಂಡು ತಂದ. ತಾಯಿಯ ಕಣ್ಣೆದುರಲ್ಲೇ ಕೂಡಿಸಿದ. ಮುಂದೆ ಒಂದೆರಡು ಬೆಳಿಗ್ಗೆ ತಪ್ಪಿದ್ದೂ ಉಂಟು. ಆದರೆ ತಪ್ಪಿದ ದಿನದ ಸಂಜೆಯೇ ಅವನು ತಿರುಪುಳಿ ಹಿಡಿಯುತ್ತಿದ್ದ. ಸೋಮವಾರದ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಆ ಬೀರು ಹೇಳಿದ ದಿನಕ್ಕೇ ಮುಗಿಯಿತು. ಬೆಳಿಗ್ಗೆ ಎದ್ದ ಕೂಡಲೇ ಕಷ್ಟದ ಕೆಲಸದ ಒಂದು ಚೂರಿಗೆ ಕೈ ಹಚ್ಚುವ ರೂಢಿ ಬಿದ್ದಿತ್ತು, ಅದು ಅಂಗಡಿಯ ಕೆಲಸಕ್ಕೂ ಅಂಟಿಕೊಂಡಿತು. ಬೀರು ಮಾಡಿಸಿದವನಿಗೆ ನಂಬಿಕೆಯೇ ಬರಲಿಲ್ಲ. "ಮೇಸ್ತ್ರಿಗಳೇ, ಮೈಯಲ್ಲಿ ಹುಷಾರಿದೆ ತಾನೇ?" ಎಂದು ಕೇಳಿದ. ಬೀದಿಯವರು ಈಗಲೂ ಅವನನ್ನು ನಾಳೆ ಮೇಸ್ತ್ರಿ ಎಂದೇ ಕರೆಯುತ್ತಾರೆ. ಕೆಲಸ ಕೊಡುವಾಗ ಮಾತ್ರ ಅವನ ಅಂಗಡಿಗೇ ಬರುತ್ತಾರೆ.

ಇದನ್ನು ನೀವೇ ಓದುತ್ತಿರಬಹುದು, ಯಾರೋ ಓದಿದ್ದನ್ನು ಕೇಳುತ್ತಲೂ ಇರಬಹುದು. ಕೂತ ಜಾಗದಿಂದ ಒಮ್ಮೆ ಸುತ್ತ ಕಣ್ಣಾಡಿಸಿ. ನಿಮ್ಮ ಮನೆಯ ಮೂಲೆಯಲ್ಲೂ ಧೂಳು ಹಿಡಿದ ಒಂದು ಹಲಗೆ ಇದ್ದೇ ಇರುತ್ತದೆ. ಡಾಕ್ಟರಿಗೆ ತೋರಿಸಬೇಕಾದ ಹಲ್ಲು, ಕಲಿಯಬೇಕೆಂದಿದ್ದ ವಿದ್ಯೆ, ಬಿಡಬೇಕೆಂದಿದ್ದ ಚಟ, ಆಡಬೇಕಾಗಿದ್ದ ಒಂದು ಒಳ್ಳೆಯ ಮಾತು. ಪೂರ್ತಿ ಬಿಡುವಿನ ದಿನಕ್ಕಾಗಿ ಕಾಯಬೇಡಿ. ನಿತ್ಯ ಮಾಡುವ ಯಾವುದಾದರೂ ಕೆಲಸದ ಬೆನ್ನಿಗೆ ಅದನ್ನು ಕಟ್ಟಿ, ಬಾಗಿಲು ತೆಗೆದ ಕೂಡಲೇ, ಕುಕ್ಕರ್ ಕೂಗಿದ ಕೂಡಲೇ. ನಾಚಿಕೆಯಾಗುವಷ್ಟು ಚಿಕ್ಕ ತುಂಡಿನಿಂದ ಶುರು ಮಾಡಿ. ಒಂದು ದಿನ ತಪ್ಪಿದರೆ ನಿಮ್ಮನ್ನೇ ಬೈದುಕೊಳ್ಳುತ್ತ ಕೂರಬೇಡಿ, ಅಂದೇ ಸಂಜೆ ಮತ್ತೆ ಹಿಡಿಯಿರಿ. ಜೋಡಣೆ ಕಂಡರೆ ಕಾಣಲಿ. ನಿಮ್ಮ ಕೆಲಸ ಎಲ್ಲಿ ನಿಂತಿದೆಯೋ ಆ ಮೆಟ್ಟಿಲಲ್ಲಿ ಯಾರೋ ಕೂತು ಕಾಯುತ್ತಿರುತ್ತಾರೆ.

ಬೇಸಿಗೆಯ ಬಿಸಿಲು ಬಲಿಯುವ ಮೊದಲೇ ರೇಲಿಂಗು ಕೊನೆಯ ಮೆಟ್ಟಿಲು ಮುಟ್ಟಿತು. ಕೊನೆಯ ತುಂಡಿನ ತುದಿಗೆ ಬಡಗಿ ಅಂಗೈಗೆ ಹೊಂದುವ ತಿರುವು ಕೊಟ್ಟಿದ್ದ. ತಾಯಿ ಅದನ್ನೊಮ್ಮೆ ಸವರಿ, ಚಪ್ಪಲಿ ಸರಿಯಾಗಿ ಮೆಟ್ಟಿಕೊಂಡು, ಊರುಗೋಲು ಹಿಡಿದು ಹೊಸ್ತಿಲು ದಾಟಿದಳು. ಬೀದಿಯ ಆ ತುದಿಯಲ್ಲಿ ಗುಂಡಿಯಕ್ಕ ಜಗಲಿಯ ಮೇಲಿನ ದಾರದ ಡಬ್ಬಿಗಳನ್ನು ಸರಿಸಿ ಜಾಗ ಮಾಡುತ್ತಿದ್ದಳು. ತಾಯಿ ಹಾಗೆ ಹೊರಟದ್ದು ಒಂದು ಶುಕ್ರವಾರ ಸಂಜೆ, ಸೋಮವಾರಕ್ಕೆಂದು ಕಾಯದೆ.