ಹಿತ್ತಲ ಗೂಡಿನ ತಾಟು

ಕಡಕ್ ರೊಟ್ಟಿ ಮತ್ತೆ ಮೆತ್ತಗಾಗಿದ್ದವು. ಡಬ್ಬಿಯ ಮುಚ್ಚಳ ಎಷ್ಟು ಬಿಗಿ ಮಾಡಿದರೂ ಕಡಲ ಗಾಳಿ ಹೇಗೋ ಒಳಗೆ ನುಗ್ಗುತ್ತಿತ್ತು. ಸುಂಕಮ್ಮ ಒಂದು ರೊಟ್ಟಿಯನ್ನು ಅಂಗೈ ಮೇಲೆ ಹಿಡಿದು, ಬಚ್ಚಲ ಗೋಡೆಗೆ ತೂಗುಹಾಕಿದ್ದ ಕೂದಲು ಒಣಗಿಸುವ ಮಷೀನು ತೆಗೆದು ಅದಕ್ಕೆ ಬಿಸಿಗಾಳಿ ಬಿಟ್ಟಳು.

"ಇನ್ನ ಎಷ್ಟು ಅದಾವ?" ಮಂಚದ ಮೇಲಿಂದ ಶಿವಬಸಮ್ಮ ಕೇಳಿದಳು.

"ತಳ ಕಾಣಾಕತ್ತೇತ್ರಿ ಅವ್ವಾರ."

"ಹಡಗಿನವರಿಗೆ ಹೇಳು, ಜಲ್ದಿ ಓಡಸ್ರಿ ಅಂತ. ಎಮ್ಮಿ ಹೊಡದಂಗ ಹೊಡಿತಾರ."

ಕೊಟ್ಟೂರಿನ ಗ್ರಾನೈಟ್ ವ್ಯಾಪಾರಿ ಅರುಣಕುಮಾರ್ ಹೆಂಡತಿ ಭಾಗ್ಯಳೊಂದಿಗೆ ಮೂರು ತಿಂಗಳ ಕಡಲಯಾನಕ್ಕೆ ಹೊರಟಾಗ, ಮಂಡಿನೋವಿನ, ಸಕ್ಕರೆ ಕಾಯಿಲೆಯ ತಾಯಿ ಶಿವಬಸಮ್ಮನನ್ನು ಯಾರ ಹತ್ತಿರ ಬಿಡುವುದು ಎಂಬ ಪ್ರಶ್ನೆ ಬಂತು. ಜೊತೆಗೇ ಕರೆದುಕೊಂಡು ಹೋಗುವುದೆಂದಾಯಿತು. ತಾಯಿಗೆ ಸ್ನಾನ ಮಾಡಿಸಿ ಮಾತ್ರೆ ಕೊಡಲು ಸುಂಕಮ್ಮ ಬೇಕೇ ಬೇಕಿತ್ತು. ಹೀಗಾಗಿ, ಕೂಡ್ಲಿಗಿ ರಸ್ತೆಯ ಹಳ್ಳಿಯೊಂದರಿಂದ ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಆ ಮನೆಯಲ್ಲಿ ದುಡಿಯುತ್ತಿದ್ದ ಸುಂಕಮ್ಮನ ಹೆಸರಿನಲ್ಲೊಂದು ಪಾಸ್‌ಪೋರ್ಟ್ ಆಯಿತು. ಗಂಡ ಹೆಂಡತಿ ಮೇಲಿನ ಅಂತಸ್ತಿನಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದರು. ಇವರಿಬ್ಬರೂ ಕೆಳಗಿನ ಕೋಣೆಯಲ್ಲಿ ಕಿಟಕಿಯಾಚೆಯ ನೀರು ನೋಡುತ್ತ ಕೂಡುತ್ತಿದ್ದರು. ಮೊದಲ ವಾರ ಚೆಂದ ಕಂಡ ನೀರು ಈಗ ಗೋಡೆಯ ಹಾಗಿತ್ತು. ಹೊರಗೆ ಅದೇ ಹಾಡು, ಅದೇ ಕುಣಿತ, ಅದೇ ಉಪ್ಪಿಲ್ಲದ ಪಲ್ಯ.

ಅರ್ಧ ದಾರಿಯಲ್ಲಿ ಶಿವಬಸಮ್ಮ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಹಡಗಿನ ಡಾಕ್ಟರು ಮೊಳಕೈವರೆಗೂ ಪ್ಲಾಸ್ಟರಿನ ಪಟ್ಟು ಹಾಕಿದ. ಭಾಗ್ಯ ಚಮಚದಲ್ಲಿ ಉಣಿಸಲು ಬಂದರೆ ಮುದುಕಿ ಬಾಯಿ ಬಿಡಲಿಲ್ಲ. "ಚಮಚದಾಗ ತಿನ್ನಾಕ ನಾನೇನು ಕೂಸ?" ಎಂದು ಒಂದು ಹೊತ್ತು ಉಪವಾಸ ಕೂತಳು. ಮಾರನೇ ದಿನ ಹಸಿವು ಗೆದ್ದಿತು.

"ನೀನ ಕಲಸಿ ಹಾಕು ಬಾ," ಎಂದಳು.

ಸುಂಕಮ್ಮ ಅನ್ನ ಮೊಸರು ಕಲಸಿದಳು. ತುತ್ತು ಎತ್ತಿದ ಕೈ ನಡುವೆಯೇ ನಿಂತಿತು. ಕೊಟ್ಟೂರಿನ ಮನೆಯಲ್ಲಿ ಅವಳ ತಾಟು, ಲೋಟ ಹಿತ್ತಲ ಗೋಡೆಯ ಗೂಡಿನಲ್ಲಿರುತ್ತಿದ್ದವು. ಉಂಡು, ತೊಳೆದು, ಅಲ್ಲೇ ಬೋರಲು ಹಾಕಬೇಕು. ಅವನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

"ಕೈ ತೊಳಕೊಂಡೀಯಿಲ್ಲ? ಮತ್ಯಾಕ ನೋಡ್ತಿ? ಹಾಕು."

ಅಷ್ಟೇ ಆದದ್ದು. ಆಮೇಲೆ ದಿನವೂ ಎಡಮಗ್ಗುಲಿಗೆ ಕೂತು ಉಣಿಸಿದಳು. ಒಂದು ದಿನ ಮುದುಕಿ, "ನಾ ತಿನ್ನೋದು, ನೀ ನೋಡೋದು, ನನ್ನ ಗಂಟಲಾಗ ಇಳಿಯಂಗಿಲ್ಲ. ನೀನೂ ಇದರಾಗ ಉಣ್ಣು," ಎಂದು ತಾಟು ಸರಿಸಿದಳು. 'ಲೇ ಸುಂಕಿ' ಎನ್ನುತ್ತಿದ್ದವಳು 'ಸುಂಕಮ್ಮ' ಎನ್ನತೊಡಗಿದಳು. ಒಂದು ಮಧ್ಯಾಹ್ನ ಶೇಂಗಾ ಚಟ್ನಿಪುಡಿ ನೆಕ್ಕುತ್ತ, "ಮನಿಗೆ ಹೋದಮ್ಯಾಲೂ ಹಿಂಗ. ಒಳಗ ನನ್ನ ಮಗ್ಗುಲಕ್ಕ ಕುಂದ್ರು. ಯಾವಾಕಿ ಏನಂತಾಳ ನೋಡೂಣು," ಎಂದಳು.

ಸುಂಕಮ್ಮ ಅದನ್ನು ಬೇಡಿರಲಿಲ್ಲ. ಕೇಳಿ ಪಡೆದ ಮಾತಾಗಿದ್ದರೆ ಮರೆತುಬಿಡಬಹುದಿತ್ತು. ತಾನಾಗಿಯೇ ಬಂದದ್ದು ಎದೆಯಲ್ಲಿ ಕೂತುಬಿಟ್ಟಿತು. ಅಂದೇ ಮಗ ಪ್ರಬುದ್ಧನಿಗೆ ಫೋನಿನಲ್ಲಿ ಹೇಳಿದಳು. ಅವನು ನಕ್ಕ.

"ಯವ್ವಾ, ಆ ಮಾತು ನೀರ ಮ್ಯಾಲೈತಿ. ನೆಲಕ್ಕ ಇಳೀಲಿ, ನೋಡೂಣು."

"ನಿಂಗ ಎಲ್ಲಾದ್ರಾಗೂ ಕೊಂಕ," ಎಂದು ಫೋನು ಕತ್ತರಿಸಿದ್ದಳು.

ಈಗ ಹಡಗು ಕೊಲಂಬೊ ದಾಟಿ ಮುಂಬಯಿಯ ಕಡೆ ತಿರುಗಿತ್ತು. ಮಳೆಗಾಳಿಯ ನೆಪದಲ್ಲಿ ನಡುವೆ ಎಲ್ಲೋ ಸುಮ್ಮನೆ ನಿಂತೂ ಬಿಟ್ಟಿತು. ನಿಂತ ಹಡಗು ಓಡುವ ಹಡಗಿಗಿಂತ ಹೆಚ್ಚು ಹೊಯ್ದಾಡುತ್ತದೆ. ಶಿವಬಸಮ್ಮ ಎಲ್ಲದಕ್ಕೂ ಸಿಡುಕುತ್ತಿದ್ದಳು: ದಿಂಬಿಗೆ, ಚಹಾಕ್ಕೆ, ಪಟ್ಟಿನೊಳಗಿನ ತುರಿಕೆಗೆ. ಸುಂಕಮ್ಮ ತಲೆಪಿನ್ನು ತೂರಿಸಿ ತುರಿಸಿದರೆ ಅದಕ್ಕೂ ಬೈಗುಳ.

ಮಧ್ಯಾಹ್ನದ ಊಟದ ಹೊತ್ತಿಗೆ ಊರಿನಿಂದ ವಿಡಿಯೋ ಫೋನು ಬಂತು. ಶಿವಬಸಮ್ಮನ ಮೈದುನನ ಸೊಸೆ ಸುಕನ್ಯಾ, ಪಕ್ಕದ ಮನೆಯವಳು. ಭಾಗ್ಯ ಫೋನನ್ನು ತಂದು ಅತ್ತೆಯ ಮುಖಕ್ಕೆ ಹಿಡಿದಳು. ಸುಂಕಮ್ಮ ತುತ್ತು ಎತ್ತಿದ್ದಳು. ಶಿವಬಸಮ್ಮ ಫಕ್ಕನೆ ಬಾಯಿ ಮುಚ್ಚಿ ಮುಖ ತಿರುಗಿಸಿದಳು.

"ಊಟ ಆತಾ ಅತ್ತಿ?"

"ಆತವ್ವ, ಈಗ ಆತು."

ಮಾತು ಬೆಳೆಯಿತು. ಯಾರ ಮನೆಗೆ ಕೂಸು ಬಂತು, ಯಾರ ಬೋರಿಗೆ ನೀರು ಬಿತ್ತು. ಸುಂಕಮ್ಮನ ಕೈ ಗಾಳಿಯಲ್ಲೇ ಇತ್ತು. ಮೊಸರು ಬೆರಳಿನಿಂದ ಜಾರಿ ಮೊಳಕೈವರೆಗೂ ಇಳಿಯಿತು. ಫೋನು ಮುಗಿದು ಭಾಗ್ಯ ಹೊರಗೆ ಹೋದ ಮೇಲೆ ಮುದುಕಿ ಮತ್ತೆ ಬಾಯಿ ತೆರೆದಳು.

ಸುಂಕಮ್ಮ ತುತ್ತನ್ನು ತಾಟಿಗೆ ಹಾಕಿದಳು.

"ಯಾಕ, ಸಿಟ್ಟು ಬಂತಾ?"

"ನಮಗ ಯಾತರ ಸಿಟ್ರಿ."

"ಅಲ್ಲಿ ಮಂದಿ ಹೆಂಗ ಅಂತ ನಿಂಗ ಗೊತ್ತಿಲ್ಲೇನು? ಹೋದಮ್ಯಾಲೆ ನಾನ ಹೇಳ್ತೀನಿ ಎಲ್ಲಾರಿಗೂ."

"ಹೇಳ್ರಿ."

"ಹೇಳ್ತೀನಂದ್ನೆಲ್ಲ! ಎಷ್ಟು ಸಲ ಹೇಳ್ಲಿ?"

ಮುದುಕಿ ಹೇಳಿದ್ದು ಒಂದೇ ಸಲ. ಸುಂಕಮ್ಮ ಹೊಸ ತುತ್ತು ಕಲಸಿದಳು.

ಹಡಗು ಇಳಿಯುವ ದಿನ ಪೆಟ್ಟಿಗೆ ಕಟ್ಟುವಾಗ ಡಬ್ಬಿಯ ತಳದಲ್ಲಿ ಒಂದು ರೊಟ್ಟಿ ಉಳಿದಿತ್ತು. ಮುರಿದು ಇಬ್ಬರೂ ತಿಂದರು. "ಲೇ ಸುಂಕಿ, ಚಪ್ಪಲಿ ಮರತೀ," ಎಂದಳು ಶಿವಬಸಮ್ಮ ಬಾಗಿಲಲ್ಲಿ ನಿಂತು. ಸುಂಕಮ್ಮ ಚಪ್ಪಲಿ ಎತ್ತಿಕೊಂಡಳು.

ಮುಂಬಯಿಯಿಂದ ಹುಬ್ಬಳ್ಳಿಗೆ ವಿಮಾನ, ಅಲ್ಲಿಂದ ಕಾರು. ಹಗರಿಬೊಮ್ಮನಹಳ್ಳಿಯಲ್ಲಿ ಚಹಾ ಕುಡಿದು ಕೊಟ್ಟೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಮನೆ ತುಂಬ ಜನ. ಸುಕನ್ಯಾ ಆರತಿ ಎತ್ತಿ ಒಳಗೆ ಕರೆದಳು. ಶಿವಬಸಮ್ಮ ನಡುಮನೆಯಲ್ಲಿ ಕೂತು ಕಡಲಿನ ಸುದ್ದಿ ಹೇಳತೊಡಗಿದಳು. ಹಡಗಿನಲ್ಲಿ ಗೋಡೆಯ ಹಾಗಿದ್ದ ನೀರು ಇಲ್ಲಿ ಅವಳ ಮಾತಿನಲ್ಲಿ ಬೆಟ್ಟದಷ್ಟು ಎತ್ತರ ಏಳುತ್ತಿತ್ತು.

ಊಟಕ್ಕೆ ಮೇಜಿನ ಮೇಲೆ ತಾಟು ಹಾಕಿದರು. ಹೋಳಿಗೆ ಮಾಡಿದ್ದರು. ಸುಂಕಮ್ಮ ನಲ್ಲಿಯಲ್ಲಿ ಕೈ ತೊಳೆದು ಬಂದು ಶಿವಬಸಮ್ಮನ ಎಡಕ್ಕಿದ್ದ ಕುರ್ಚಿ ಎಳೆದು ಕೂತಳು. ರೂಢಿಯೂ ಹೌದು. ಬೇಕೆಂದೇ ಕೂತದ್ದೂ ಹೌದು.

ಸೌಟು ಹಿಡಿದ ಸುಕನ್ಯಾ ತಿರುಗಿ ನೋಡಿದಳು. ಯಾರದೋ ಲೋಟ ಸದ್ದು ಮಾಡಿತು.

"ಇದ್ಯಾಕ ಸುಂಕಮ್ಮ, ಇಲ್ಲಿ ಕುಂತಿ?" ಸುಕನ್ಯಾ ನಕ್ಕಳು. ಕೆಟ್ಟ ನಗುವೇನಲ್ಲ. "ನಿಂದು ಹಿಂದ ಬಡಿಸಿ ಇಟ್ಟೀನಿ. ಹಡಗು ಇನ್ನ ಇಳಿದಿಲ್ಲೇನು?"

ಎಲ್ಲರೂ ನಕ್ಕರು. ಭಾಗ್ಯ ಫೋನು ನೋಡಿದಳು. ಅರುಣಕುಮಾರ್ ನೀರು ಕುಡಿದ. ಸುಂಕಮ್ಮ ಶಿವಬಸಮ್ಮನ ಮುಖ ನೋಡಿದಳು. ಶಿವಬಸಮ್ಮ ತನ್ನ ಪಟ್ಟು ಕಟ್ಟಿದ ಕೈ ನೋಡಿಕೊಂಡಳು.

"ಹೋಗು, ಹೊತ್ತಾಗೇತಿ. ಉಣ್ಣೋಗು. ಸುಕನ್ಯಾ ತಿನಸ್ತಾಳ ನಂಗ."

"ಹೇಳ್ತೀನಂದಿದ್ರಿ."

"ಏನು?" ಎಂದಳು ಸುಕನ್ಯಾ.

"ಏನಿಲ್ಲ ಬಿಡು," ಶಿವಬಸಮ್ಮನ ದನಿ ಏರಿತು. "ದಾರಿ ನಡದು ಅದಕ್ಕೂ ತಲಿ ಕೆಟ್ಟೇತಿ. ಹೋಗಂದ್ನೆಲ್ಲ!"

ಸುಂಕಮ್ಮ ಕುರ್ಚಿಯನ್ನು ಎಲ್ಲಿತ್ತೋ ಅಲ್ಲಿಗೇ ಸರಿಸಿಟ್ಟು ಹಿತ್ತಲಿಗೆ ಹೋದಳು. ಗೂಡಿನಲ್ಲಿ ತಾಟು ಇತ್ತು. ಮೂರು ತಿಂಗಳ ಧೂಳು ತೆಗೆದು ಯಾರೋ ಬೆಳಗಿದ್ದರು. ಎರಡು ಹೋಳಿಗೆ, ಮೇಲೆ ತುಪ್ಪ. ಅವಳು ಹೋಳಿಗೆಗಳನ್ನು ಎಮ್ಮೆಯ ಮುಸುರೆ ಬಾನಿಗೆ ಸುರಿದಳು. ತಾಟು ತೊಳೆದು, ಸೆರಗಿನಲ್ಲಿ ಒರೆಸಿ, ಬಗಲಚೀಲಕ್ಕೆ ಹಾಕಿಕೊಂಡಳು. ಲೋಟವನ್ನೂ. ಗೂಡಿನ ಕಲ್ಲಿನ ಮೇಲೆ ತಾಟಿನ ದುಂಡನೆಯ ಗುರುತು ಮಾತ್ರ ಉಳಿಯಿತು.

ಚಪ್ಪಲಿ ಮುಂಬಾಗಿಲಲ್ಲಿತ್ತು. ಪಕ್ಕದ ಓಣಿಯಿಂದ ಸುತ್ತಿ ಬಂದು ಮೆಟ್ಟಿಕೊಳ್ಳುವಾಗ ಒಳಗಿನದೆಲ್ಲ ಕಂಡಿತು. ಸುಕನ್ಯಾ ಬಲಕ್ಕೆ ನಿಂತು ಚಮಚ ಹಿಡಿದಿದ್ದಳು. ಶಿವಬಸಮ್ಮ ಎಡಕ್ಕೆ, ಖಾಲಿ ಕುರ್ಚಿಯ ಕಡೆಗೆ ಕತ್ತು ತಿರುಗಿಸಿ ಬಾಯಿ ತೆರೆದಿದ್ದಳು.

"ಅತ್ತಿ, ಈ ಕಡಿ. ಈ ಕಡಿ ನೋಡ್ರಿ."

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಪ್ರಬುದ್ಧನ ಫೋನು ಬಂತು.

"ಮುಟ್ಟಿದ್ಯವ್ವ? ಏನಾತು?"

"ಬಸ್ಸು ಬಂದಿಲ್ಲ ಇನ್ನ," ಎಂದಳು.

ಬೆಂಚು ಹಡಗಿನ ಹಾಗೆ ತೂಗುತ್ತಿತ್ತು. ಎದುರಿನ ಬಾಳೆಹಣ್ಣಿನ ಗಾಡಿ, ಗೋಡೆ, ಬೇವಿನ ಮರ, ಎಲ್ಲವೂ ಮೆಲ್ಲಗೆ ಏಳುತ್ತ ಇಳಿಯುತ್ತ ಇದ್ದವು. ಸುಂಕಮ್ಮ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ತೊಡೆಯ ಮೇಲಿನ ಚೀಲದೊಳಗೆ ತಾಟಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಳು.