ಒಳಗೆ ಮಡಿಚಿಟ್ಟ ಬಟ್ಟೆ

ಅಮ್ಮ ಹೊಲಿದ ಬಟ್ಟೆಯೊಳಗೆ ಒಂದಿಷ್ಟು ಹೆಚ್ಚಿನ ಬಟ್ಟೆ ಇದ್ದೇ ಇರುತ್ತಿತ್ತು. ನನ್ನ ಶಾಲೆಯ ಸ್ಕರ್ಟಿನ ಅಂಚಿನಲ್ಲಂತೂ ಮಡಿಕೆಯ ಮೇಲೆ ಮಡಿಕೆ. ಅವಕ್ಕೆ ಉದ್ದುದ್ದ ಕೈಹೊಲಿಗೆ ಹಾಕಿ, ಕೊನೆಯಲ್ಲಿ ಗಂಟು ಹಾಕದೆ ಬಿಡುತ್ತಿದ್ದಳು. ನಾನು ಬೆಳೆದಾಗ ದಾರ ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಿದ ಕಡೆ ಮಾಸದ ನೀಲಿ ಪಟ್ಟಿ ಎದ್ದು ಕಾಣುತ್ತಿತ್ತು. ಗೆಳತಿಯರು ನಗುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಬೇರೆಯವರ ಅಮ್ಮಂದಿರು ಅಳತೆಗೆ ಸರಿಯಾಗಿ ಹೊಲೀತಾರೆ" ಎಂದರೆ, "ಅವರ ಮಕ್ಕಳು ಬೆಳೆಯಲ್ವೇನೋ, ಪಾಪ" ಎನ್ನುತ್ತಿದ್ದಳು.

ಅಮ್ಮ ಹೊಲಿಯುತ್ತಿದ್ದ ಆ ಕೋಣೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು, ಅದರ ಎಣ್ಣೆ ವಾಸನೆ, ಅಮ್ಮನ ಕೊರಳಲ್ಲಿ ಟೇಪು. ಅಪ್ಪ ಆಯಸ್ಕಾಂತ ಹಿಡಿದು ನೆಲದ ಮೇಲಿನ ಗುಂಡುಸೂಜಿ ಹುಡುಕುತ್ತಾ, ಚರ್ಚಿಗೆ ಹೊತ್ತಾಯಿತೆಂದು ಗೊಣಗುತ್ತಿದ್ದರು. ಆ ಗೊಣಗಾಟ ಇನ್ನೊಂದು ಸಲ ಕೇಳಲು ಏನು ಬೇಕಾದರೂ ಕೊಟ್ಟೇನು. ಅಪ್ಪನನ್ನು ಮಣ್ಣು ಮಾಡಿದ ದಿನ ಪಾದ್ರಿ ನಿತ್ಯಜೀವದ ಮಾತಾಡಿದರು. ನನಗೆ ಕೇಳಿಸಿದ್ದು ಮಣ್ಣು ಬೀಳುವ ಸದ್ದು ಮಾತ್ರ. ಆಮೇಲೆ ನಾನು ಚರ್ಚಿನ ಕಡೆ ತಲೆ ಹಾಕಲಿಲ್ಲ.

ಈಗ ಅದೇ ಕೋಣೆಯಲ್ಲಿ ಅಮ್ಮನ ಮಂಚ. ಡಾಕ್ಟರು ಕೈಚೆಲ್ಲಿದ್ದಾರೆ. ತನ್ನ ಕೊನೆಯ ದಿನಕ್ಕೆಂದು ಗಟ್ಟಿಮುಟ್ಟಾಗಿದ್ದಾಗಲೇ ಅಮ್ಮ ಒಂದು ಬಿಳಿ ಗೌನು ಹೊಲಿದಿಟ್ಟಿದ್ದಳು. ಮೊನ್ನೆ ಮಧ್ಯಾಹ್ನ ಹಟ ಹಿಡಿದು ಅದನ್ನು ತೊಡಿಸಿಕೊಂಡಳು. ಹೆಗಲಿನಿಂದ ಜಾರಿತು. ಅದರೊಳಗೆ ಇನ್ನೊಬ್ಬ ಅಮ್ಮನಿಗೆ ಜಾಗವಿತ್ತು.

"ಸ್ವಲ್ಪ ಹಿಡಿದು ಹೊಲಿಯೇ. ಹೀಗೆ ಜೋಲಾಡ್ಕೊಂಡು ಹೋದ್ರೆ ನನ್ನ ಕಸುಬಿಗೇ ಅವಮಾನ."

ಗುರುತು ಮಾಡಿ, ಗೌನು ಕಳಚಿ, ಹೆಚ್ಚಿನ ಬಟ್ಟೆ ಕತ್ತರಿಸಲು ಹೋದೆ.

"ಕತ್ತರಿ ಕೆಳಗಿಡು!" ದನಿಯಲ್ಲಿ ಹಳೆಯ ಜೋರು.

"ಇನ್ಯಾಕಮ್ಮ ಇಷ್ಟು ಬಟ್ಟೆ?"

"ಒಳಗೆ ಮಡಿಚು. ಸತ್ತೋರೆಲ್ಲ ಮತ್ತೆ ಎದ್ದಾಗ ನಾನು ಇಷ್ಟೇ ಸಣ್ಣ ಇರ್ತೀನಾ? ಈ ಕಡ್ಡಿ ಯಾರಪ್ಪ ಅಂತ ನಿಮ್ಮಪ್ಪ ನನ್ನ ದಾಟ್ಕೊಂಡು ಹೋಗಿಬಿಟ್ಟಾರು."

ನಕ್ಕೆ. ಕತ್ತರಿ ಕೆಳಗಿಟ್ಟು ಕೇಳಿದೆ, "ನಿಂಗೆ ಭಯ ಆಗಲ್ವಾ ಅಮ್ಮ?"

"ಆಗತ್ತೆ ಕಣೇ. ನೋವಂದ್ರೆ ಭಯ. ನೀನು ಒಬ್ಳೇ ಆಗ್ತೀಯಲ್ಲ ಅಂತ ಭಯ. ಆದ್ರೆ ನೋಡು, ನಾನು ಯಾವ ಮಗೂಗೂ ಇವತ್ತಿನ ಅಳತೆಗೇ ಹೊಲಿದೋಳಲ್ಲ. ನನ್ನ ಮಾಡಿದೋನು ಅಷ್ಟು ಲೆಕ್ಕ ಇಡದೆ ಮಾಡಿರ್ತಾನಾ?" ಸ್ವಲ್ಪ ಸುಧಾರಿಸಿಕೊಂಡು ಹೇಳಿದಳು, "ನೀನೂ ಅಲ್ಲಿಗೆ ಬರ್ಬೇಕು. ನಂಗಿರೋದು ಅದೊಂದೇ ಆಸೆ. ಬರ್ತೀಯಲ್ವಾ?"

ಸಾಯುವ ಅಮ್ಮನಿಗೆ ಹೂಂ ಎಂದು ಸುಳ್ಳು ಹೇಳುವಷ್ಟು ಧೈರ್ಯ ನನಗಿಲ್ಲ. ಇಲ್ಲ ಎನ್ನುವಷ್ಟೂ ಇಲ್ಲ. ಮಿಷನ್ನು ಬಿಟ್ಟು ಸೂಜಿಗೆ ದಾರ ಪೋಣಿಸಿದೆ. ಬಟ್ಟೆಯನ್ನು ಒಳಗೆ ಮಡಿಚಿ, ಉದ್ದುದ್ದ ಹೊಲಿಗೆ ಹಾಕುತ್ತಾ ಹೋದೆ. ಅಮ್ಮ ಕಣ್ಣು ಮುಚ್ಚಿ ಉತ್ತರಕ್ಕೆ ಕಾಯುತ್ತಿದ್ದಳು.

ಮುಗಿಸಿ ಅವಳ ಕೈಗಿತ್ತೆ. ಬೆರಳುಗಳು ಹೊಲಿಗೆಯುದ್ದಕ್ಕೂ ಸವರಿಕೊಂಡು ಹೋಗಿ, ಕೊನೆಯಲ್ಲಿ ಸಡಿಲ ದಾರದ ಮೇಲೆ ನಿಂತವು.

"ಗಂಟು ಹಾಕಿಲ್ಲ" ಅಂದಳು.

"ಬಿಚ್ಚಬೇಕಾಗತ್ತಲ್ಲಮ್ಮ" ಅಂದೆ.