ಒಂದೇ ರಿಂಗಿನ ತಂಡ

ಕಾಲೇಜಿನಲ್ಲಿ ಅವರಿಗೆ ಪೀಪಿ ಮೇಷ್ಟ್ರು ಎಂದೇ ಹೆಸರು. ಇಪ್ಪತ್ತೆರಡು ವರ್ಷದಿಂದ ಆಟ ಕಲಿಸುವ ಮೇಷ್ಟ್ರು, ಅಷ್ಟೂ ವರ್ಷದಿಂದ ಕೊರಳಲ್ಲಿ ಅದೇ ಪೀಪಿ. ಕೆಲಸಕ್ಕೆ ಸೇರಿದ ಕಾಲದಲ್ಲಿ ಅದು ಎದೆಯ ಮುಂದೆ ಜೋತಾಡುತ್ತಿತ್ತು. ಈಗ ಹೊಟ್ಟೆಯ ಮೇಲೆ ಆರಾಮಾಗಿ ಮಲಗಿರುತ್ತದೆ. ಈ ಜೋಕನ್ನು ಹುಟ್ಟಿಸಿದವರು ಬೇರೆ ಯಾರೂ ಅಲ್ಲ, ಅವರೇ. ನಾಲ್ಕು ಜನ ನಗುವ ಮೊದಲು ನಾವೇ ನಕ್ಕುಬಿಟ್ಟರೆ ಮಾನ ಉಳಿಯುತ್ತದೆ ಎನ್ನುವುದು ಅವರ ಲೆಕ್ಕ. ಮಾನ ಉಳಿಯಿತೋ ಇಲ್ಲವೋ ದೇವರೇ ಬಲ್ಲ, ಅಭ್ಯಾಸವಂತೂ ಉಳಿಯಿತು.

ಪ್ರಿನ್ಸಿಪಾಲರ ಎದುರು ನಿಂತರೆ ಮಾತ್ರ ಈ ಜೋಕುಗಳೂ ಬಾಯಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದು "ಆಯ್ತು ಸರ್" ಒಂದೇ. ಮೂರು ವರ್ಷದ ಹಿಂದೆ ಪ್ರಿನ್ಸಿಪಾಲರು ಕರೆದು, "ಏನ್ರೀ, ಸ್ಟಾಫ್ ಕಾರು ನಿಲ್ಸೋಕೆ ಜಾಗ ಇಲ್ಲ. ನಿಮ್ಮ ಬ್ಯಾಸ್ಕೆಟ್‌ಬಾಲ್ ಕೋರ್ಟಲ್ಲಿ ಅರ್ಧ ಬಿಟ್ಕೊಡಿ. ಇರೋದು ಒಂದು ಚೆಂಡು, ಅದಕ್ಯಾಕೆ ಎರಡು ರಿಂಗು?" ಎಂದಿದ್ದರು. ಆಟ ಬಲ್ಲ ಯಾರೇ ಆದರೂ ಇದಕ್ಕೆ ಹನ್ನೆರಡು ಉತ್ತರ ಕೊಡುತ್ತಿದ್ದರು. ಮೇಷ್ಟ್ರಿಗೂ ಹನ್ನೆರಡೂ ಹೊಳೆದವು, ಆದರೆ ಸಹಿ ಹಾಕಿ ಮೆಟ್ಟಿಲು ಇಳಿಯುವಾಗ. ಮಾರನೆಯ ದಿನದಿಂದ ಒಂದು ರಿಂಗಿನ ಕೆಳಗೆ ತಂಡದ ಹುಡುಗಿಯರು, ಇನ್ನೊಂದು ರಿಂಗಿನ ಕೆಳಗೆ ಹನ್ನೊಂದು ಕಾರು. ಇನ್ನೂ ನಾಚಿಕೆಗೇಡಿನ ಸಂಗತಿ ಎಂದರೆ, ಆ ರಿಂಗಿನ ಬೋರ್ಡಿನ ನೆರಳು ಬೀಳುವ ಜಾಗದಲ್ಲಿ ಮೊಟ್ಟಮೊದಲು ಬಂದು ನಿಂತದ್ದು ಮೇಷ್ಟ್ರ ಸ್ವಂತ ಸ್ಕೂಟರು.

ಅರ್ಧ ಕೋರ್ಟು ನೋಡಿ ಹಳೆಯ ಆಟಗಾರ್ತಿಯರು ಒಬ್ಬೊಬ್ಬರಾಗಿ ಕಾಲ್ತೆಗೆದರು. ಈ ವರ್ಷ ಉಳಿದದ್ದು ಮೊದಲ ವರ್ಷದ ಏಳು ಹುಡುಗಿಯರು. ಬೇರೆ ಕೋರ್ಟು ನೋಡಿರದ ಕಾರಣಕ್ಕೆ ಉಳಿದವರು. ಪ್ರಿನ್ಸಿಪಾಲರು ಮತ್ತೆ ಕರೆದರು. "ನೋಡ್ರೀ, ಅಂತರ ಕಾಲೇಜು ಟೂರ್ನಿಲಿ ಮೊದಲ್ನೇ ಮ್ಯಾಚ್ ಗೆದ್ರೆ ಸರಿ. ಸೋತ್ರೆ ಟೀಮೂ ಬೇಡ, ಗೀಮೂ ಬೇಡ. ಉಳಿದರ್ಧಾನೂ ಪಾರ್ಕಿಂಗಿಗೆ. ನಿಮಗೂ ವಯಸ್ಸಾಯ್ತು. ಪರೀಕ್ಷಾ ವಿಭಾಗದಲ್ಲಿ ಒಂದು ಕುರ್ಚಿ ಖಾಲಿ ಇದೆ, ಫ್ಯಾನ್ ಕೆಳಗೇ."

"ಆಯ್ತು ಸರ್" ಎಂದರು ಮೇಷ್ಟ್ರು.

ಅಷ್ಟೇ ಆಗಿದ್ದರೆ ಹೇಡಿ ಅನ್ನಬಹುದಿತ್ತು. ಅವರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ಊಟದ ಬಿಡುವಿನಲ್ಲಿ ಯಾರೂ ಇಲ್ಲದಾಗ ಪರೀಕ್ಷಾ ವಿಭಾಗಕ್ಕೆ ಹೋಗಿ ಆ ಕುರ್ಚಿಯಲ್ಲಿ ಕೂತು ನೋಡಿ ಬಂದರು. ಗಾಳಿ ಚೆನ್ನಾಗಿಯೇ ಬರುತ್ತಿತ್ತು. ಮನೆಯಲ್ಲಿ ಹೇಳಿದಾಗ, ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಬಂದ ಹೆಂಡತಿ ಕಾಲು ನೀವಿಕೊಳ್ಳುತ್ತ, "ಕೂತ್ಕೊಳ್ಳೋ ಕೆಲಸಕ್ಕೆ ನಿಮಗಿಂತ ಅರ್ಹರು ಯಾರಿದಾರೆ ಬಿಡಿ" ಎಂದಳು. ಮೇಷ್ಟ್ರು ನಕ್ಕರು. ಹುಡುಗಿಯರಿಗೆ ಮಾತ್ರ ಈ ಷರತ್ತಿನ ವಿಷಯ ಹೇಳಲಿಲ್ಲ. ಅವರ ಮೇಲೆ ಒತ್ತಡ ಬೀಳಬಾರದು ಎಂದು ತಮಗೆ ತಾವೇ ಸಬೂಬು ಹೇಳಿಕೊಂಡರು. ನಿಜ ಹೇಳಬೇಕೆಂದರೆ, ಸೋತರೆ ಬೆಳಿಗ್ಗೆ ಆರು ಗಂಟೆಗೆ ಏಳುವುದು ತಪ್ಪುತ್ತದೆ ಎಂಬ ಆಸೆಯೂ ಒಳಗೊಳಗೇ ಇತ್ತು.

ಪಂದ್ಯ ಶನಿವಾರ, ದೊಡ್ಡ ಕಾಲೇಜಿನ ಒಳಾಂಗಣದಲ್ಲಿ. ಎದುರಾಳಿಗಳು ಮೂರು ವರ್ಷದಿಂದ ಕಪ್ ಬಿಟ್ಟುಕೊಡದವರು. ಹುಡುಗಿಯರು ಒಳಗೆ ಕಾಲಿಟ್ಟವರೇ ಬಾಗಿಲಲ್ಲಿ ನಿಂತುಬಿಟ್ಟರು. ಎಲುಬಿನ ಹಂದರದಂತಿದ್ದುದಕ್ಕೆ ಕಡ್ಡಿ ಎಂದು ಕರೆಸಿಕೊಳ್ಳುತ್ತಿದ್ದ ಹುಡುಗಿ ಬಾಯಿ ಬಿಟ್ಟು, "ಇದೇನ್ ಸರ್, ಇಷ್ಟುದ್ದ ಇದೆ!" ಎಂದಳು. ಮೇಷ್ಟ್ರು ಕೆಮ್ಮಿದರು.

ಮೊದಲರ್ಧದಲ್ಲಿ ಆದದ್ದನ್ನು ಆಟ ಅನ್ನುವುದಕ್ಕೆ ಮನಸ್ಸು ಬರುವುದಿಲ್ಲ. ಚೆಂಡು ಕೈತಪ್ಪಿದ ಕೂಡಲೇ ಎದುರಾಳಿಗಳು ಆ ತುದಿಗೆ ಓಡುತ್ತಿದ್ದರು. ನಮ್ಮವರು ಇದ್ದ ರಿಂಗಿನ ಕೆಳಗೇ ಸಭ್ಯವಾಗಿ ನಿಂತು, ಚೆಂಡು ಇಲ್ಲಿಗೇ ವಾಪಸು ಬರುತ್ತದೆ ಎಂದು ಕಾಯುತ್ತಿದ್ದರು. ಕಾಲೇಜಿನಲ್ಲಿ ಅದು ಯಾವಾಗಲೂ ಬರುತ್ತಿತ್ತಲ್ಲ! "ಓಡ್ರೇ, ಹಿಂದೆ ಓಡ್ರೇ!" ಎಂದು ಮೇಷ್ಟ್ರು ಅರಚಿ ಅರಚಿ ಗಂಟಲು ಹರಿದುಕೊಂಡರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು, ಡೊಂಕು ಮಾಡಿದವರು ಬೆಂಚಿನ ಮೇಲೆ ಪೀಪಿ ಹಾಕಿಕೊಂಡು ಕೂತಿದ್ದರು.

ಅರ್ಧ ಆಟ ಮುಗಿದಾಗ ಅವರು ಇಪ್ಪತ್ನಾಲ್ಕು, ಇವರು ಹನ್ನೆರಡು. ಮೇಷ್ಟ್ರು ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಕೈ ಎತ್ತಿ, "ಸೋಲೇ ಗೆಲುವಿನ ಸೋಪಾನ" ಎಂದು ಶುರು ಮಾಡಿದರು.

"ಅದು ಗೊತ್ತು ಸರ್" ಎಂದಳು ಕ್ಯಾಪ್ಟನ್. ಕುಳ್ಳಿ, ದನಿ ಮಾತ್ರ ಮೈಕು ನುಂಗಿದವಳದ್ದು. "ಸೋಪಾನ ಆಮೇಲೆ ಹತ್ತೋಣ. ಈಗ ಆ ಕಡೆ ರಿಂಗ್ ಹತ್ರ ಯಾರು ನಿಲ್ಬೇಕು ಅಂತ ಹೇಳಿ."

ಕ್ಯಾಪ್ಟನ್ ಕಾಯಲಿಲ್ಲ, ಗೆಳತಿಯರತ್ತ ತಿರುಗಿದಳು. "ಇಲ್ಕೇಳ್ರೇ. ನಮಗೆ ಉದ್ದ ಓಡೋಕೆ ಬರಲ್ಲ, ಬಿಡಿ. ಮಧ್ಯದ ಗೆರೆ ಆಚೆ ಕಾರುಗಳು ನಿಂತಿವೆ ಅಂದ್ಕೊಳ್ಳಿ. ಪ್ರಿನ್ಸಿಪಾಲರ ಕಾರೂ ಅಲ್ಲೇ ಇದೆ. ಚೆಂಡು ಗೆರೆ ದಾಟಿದ್ರೆ ಗಾಜು ಹೋಯ್ತು, ನಮ್ಮ ಗ್ರಹಚಾರಾನೂ ಕೆಡ್ತು. ಅವರ ಕೈಗೆ ಚೆಂಡು ಬಂದ್ರೂ ದಾಟೋಕೆ ಬಿಡಬೇಡಿ."

ಆಮೇಲೆ ನಡೆದದ್ದನ್ನು ಮೇಷ್ಟ್ರು ಇಂದಿಗೂ ಪೂರ್ತಿ ನಂಬುವುದಿಲ್ಲ. ಕಾರಿನ ಗಾಜಿಗೆ ಹೆದರಿ ಹೆದರಿ ಆ ಹುಡುಗಿಯರು ವರ್ಷಪೂರ್ತಿ ಚೆಂಡನ್ನು ಮೊಣಕಾಲೆತ್ತರಕ್ಕೆ, ಗಿಡ್ಡ ಗಿಡ್ಡವಾಗಿ, ಮಿಂಚಿನ ವೇಗದಲ್ಲಿ ದಾಟಿಸುವುದನ್ನು ಕಲಿತಿದ್ದರು. ಚೆಂಡು ಬಿಟ್ಟುಕೊಡುವುದೆಂದರೆ ಅವರಿಗೆ ಜೀವ ಹೋದಷ್ಟು ಭಯ. ಎದುರಾಳಿಗಳು ಗೆರೆ ದಾಟಲು ಬಂದಾಗಲೆಲ್ಲ ಐವರೂ ಮೈಮೇಲೆ ಬಿದ್ದರು. ಚಾಂಪಿಯನ್ನರ ಕೈಯಿಂದ ಚೆಂಡು ಜಾರಿತು, ಮತ್ತೆ ಜಾರಿತು. ನೋಡುನೋಡುತ್ತಿದ್ದಂತೆ ಅವರು ಮೂವತ್ತಾರು, ಇವರು ಮೂವತ್ತನಾಲ್ಕು! ಬರೀ ಎರಡು ಅಂಕದ ಅಂತರ. ಇನ್ನು ನಾಲ್ಕು ನಿಮಿಷ. ಮೇಷ್ಟ್ರು ಬೆಂಚಿನಿಂದ ಎದ್ದು ನಿಂತಿದ್ದರು, ಎದ್ದದ್ದು ಯಾವಾಗ ಎಂದು ಅವರಿಗೇ ಗೊತ್ತಿಲ್ಲ. ಫ್ಯಾನು, ಕುರ್ಚಿ ಎಲ್ಲ ಮರೆತೇ ಹೋಗಿತ್ತು.

ಆಗ ಆಯಿತು ನೋಡಿ ಅದು. ಎದುರಾಳಿಗಳು ಹಾಕಿದ ಚೆಂಡು ರಿಂಗಿಗೆ ಬಡಿದು ಆಚೆ ಸಿಡಿಯಿತು. ಕಡ್ಡಿ ಚಂಗನೆ ಹಾರಿ ಹಿಡಿದಳು. ಈಗ ಅವಳು ಚೆಂಡನ್ನು ಆ ತುದಿಗೆ ಒಯ್ಯಬೇಕು. ಆದರೆ ಮೇಷ್ಟ್ರು ದಿನಕ್ಕೆ ನೂರು ಸಲ ಮಾಡಿಸುತ್ತಿದ್ದ ಅಭ್ಯಾಸ ಒಂದಿತ್ತು: ಚೆಂಡು ಹಿಡಿ, ವೃತ್ತದ ಗೆರೆ ಆಚೆ ಹೋಗು, ತಿರುಗು, ಹಾಕು. ಒಂದೇ ರಿಂಗಿದ್ದವರು ಇನ್ನೇನು ಮಾಡಿಸಿಯಾರು? ಕಡ್ಡಿ ಹಿಡಿದಳು, ಗೆರೆ ಆಚೆ ಹೋದಳು, ತಿರುಗಿದಳು, ಹಾಕಿದಳು. ಎಂಥ ಹೊಡೆತ! ರಿಂಗಿನ ಕಬ್ಬಿಣ ಸೋಕದೆ, ಬಲೆ ಮಾತ್ರ ಸರಕ್ಕೆಂದಿತು. ಆ ವರ್ಷ ಅವಳು ಹಾಕಿದ ಅತ್ಯಂತ ಚಂದದ ಬ್ಯಾಸ್ಕೆಟ್ ಅದು, ತನ್ನದೇ ತಂಡದ ಮೇಲೆ.

ರೆಫರಿ ಕೂಡ ಒಂದು ಗಳಿಗೆ ಇಂಗು ತಿಂದ ಮಂಗನಂತೆ ನಿಂತು, ಆಮೇಲೆ ಎದುರಾಳಿಗಳಿಗೆ ಎರಡು ಅಂಕ ತೋರಿಸಿದರು. ಸಭಾಂಗಣ ಗೊಳ್ಳೆಂದು ನಕ್ಕಿತು. ಕಡ್ಡಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಮೇಷ್ಟ್ರು ಅವಳನ್ನು ಹೊರಗೆ ಕರೆಸಲು ಹೊರಟರು. ಬೆಂಚಿನ ಹುಡುಗಿಯನ್ನು ಎಬ್ಬಿಸಿಯೂ ಆಗಿತ್ತು. ಕ್ಯಾಪ್ಟನ್ ಗೆರೆಯ ತನಕ ಓಡಿಬಂದಳು. "ಬೇಡ ಸರ್. ಈಗ ಅವಳು ಆಚೆ ಬಂದ್ರೆ ಇನ್ಯಾವತ್ತೂ ಒಳಗೆ ಹೋಗಲ್ಲ."

ಆ ಮಾತು ಮೇಷ್ಟ್ರಿಗೇ ಹೇಳಿದಂತಿತ್ತು. ಹೊರಗೆ ಬಂದು ಮತ್ತೆ ಒಳಗೆ ಹೋಗದೇ ಇದ್ದವರ ಪೈಕಿ ಅವರೇ ಹಿರಿಯರು. ಎತ್ತಿದ ಕೈ ಇಳಿಸಿದರು.

ಉಳಿದ ನಿಮಿಷಗಳಲ್ಲಿ ಹುಡುಗಿಯರು ಹಲ್ಲು ಕಚ್ಚಿ ಆಡಿದರು. ಕೊನೆಯ ಹತ್ತು ಸೆಕೆಂಡು ಇದ್ದಾಗ ನಲವತ್ತೊಂದು, ನಲವತ್ತು. ಕ್ಯಾಪ್ಟನ್ ಚೆಂಡು ಕಿತ್ತುಕೊಂಡು ಸರಿಯಾದ ರಿಂಗಿನತ್ತ ಓಡಿದಳು. ತಾನೇ ಹಾಕಬಹುದಿತ್ತು. ಆದರೆ ಬಲಗಡೆ ಕಡ್ಡಿಯ ಮುಂದೆ ಯಾರೂ ಇರಲಿಲ್ಲ. ಕ್ಯಾಪ್ಟನ್ ಒಂದಿಷ್ಟೂ ಯೋಚಿಸದೆ ಅವಳಿಗೇ ಕೊಟ್ಟಳು. ಜನ ಮತ್ತೆ ನಗಲು ಬಾಯಿ ತೆರೆದರು. ಕಡ್ಡಿ ಹಾಕಿದಳು. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಸುತ್ತಿ, ಎರಡನೆಯ ಸುತ್ತಿಗೆ ಮನಸ್ಸು ಬದಲಾಯಿಸಿ ಹೊರಗೆ ಬಿತ್ತು. ಆಟ ಮುಗಿಯಿತು.

ವಾಪಸು ಬರುವ ಬಸ್ಸಿನಲ್ಲಿ ಕಡ್ಡಿ ಕಿಟಕಿಗೆ ಹಣೆಯಿಟ್ಟು ಅಳುತ್ತಿದ್ದಳು. ಮೇಷ್ಟ್ರು ಎದ್ದು ಹೋಗಿ ಅವಳ ಪಕ್ಕ ಕೂತರು.

"ನನ್ನಿಂದ ಸೋತ್ವಿ ಸರ್."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದೋ ಮತ್ತೊಂದೋ ಹೇಳಲು ಮೇಷ್ಟ್ರು ಬಾಯಿ ತೆರೆದರು. ಮಾತು ಬೇರೆಯದೇ ಬಂತು. "ನಿನ್ನಿಂದಲ್ಲಮ್ಮ. ಆ ಎರಡು ಪಾಯಿಂಟು ನಾನು ಹಾಕಿದ್ದು, ಮೂರು ವರ್ಷದ ಹಿಂದೆ." ಹೀಗೆ ಶುರು ಮಾಡಿದವರು ನಿಲ್ಲಲಿಲ್ಲ. ಸಹಿ ಹಾಕಿದ್ದು, ಸ್ಕೂಟರಿಗೆ ನೆರಳು ಹುಡುಕಿದ್ದು, ಪ್ರಿನ್ಸಿಪಾಲರ ಷರತ್ತು, ಕುರ್ಚಿಯಲ್ಲಿ ಕೂತು ನೋಡಿ ಬಂದದ್ದು, ಎಲ್ಲ ಹೇಳಿದರು. ಫ್ಯಾನಿನ ಗಾಳಿ ಚೆನ್ನಾಗಿತ್ತು ಎಂಬುದನ್ನೂ ಬಿಡಲಿಲ್ಲ. ಏಳೂ ಹುಡುಗಿಯರು ಸೀಟಿನ ಮೇಲಿಂದ ಬಗ್ಗಿ ಕೇಳುತ್ತಿದ್ದರು. ಯಾರೂ ನಗಲಿಲ್ಲ. ತಮ್ಮ ಮೇಲೆ ತಾವೇ ಹೇಳಿಕೊಂಡ ಮಾತಿಗೆ ಯಾರೂ ನಗದೇ ಇದ್ದದ್ದು ಮೇಷ್ಟ್ರಿಗೆ ಅದೇ ಮೊದಲು. ಬಹಳ ಕಷ್ಟವಾಯಿತು.

ಕೊನೆಗೆ ಕ್ಯಾಪ್ಟನ್ ಕೇಳಿದಳು, "ಅಂದ್ರೆ ನಾವು ಸೋಲ್ಲಿ ಅಂತ ನಿಮಗೆ ಆಸೆ ಇತ್ತಾ ಸರ್?"

"ಇತ್ತು ಕಣಮ್ಮ. ಅರ್ಧ ಆಟದ ತನಕ."

"ಆಮೇಲೆ?"

"ಆಮೇಲೆ ನಿಮ್ಮನ್ನ ನೋಡಿ ನಾಚಿಕೆ ಆಯ್ತು."

ಕಡ್ಡಿ ಮೂಗೊರೆಸಿಕೊಂಡಳು. "ಸೋಮವಾರ ಪ್ರಾಕ್ಟೀಸ್ ಇದೆಯಾ ಸರ್?"

"ಇದೆ" ಎಂದುಬಿಟ್ಟರು ಮೇಷ್ಟ್ರು.

"ಎಷ್ಟು ರಿಂಗಲ್ಲಿ?"

ಮೇಷ್ಟ್ರಿಗೆ ಸಂತೋಷವಾಗಿತ್ತು. ಸೋತು ಬರುವ ಬಸ್ಸಿನಲ್ಲಿ ಸಂತೋಷಪಡುವ ಕೋಚನ್ನು ಜಗತ್ತು ಕಂಡಿದೆಯೋ ಇಲ್ಲವೋ, ಆ ಸಂಜೆ ಒಬ್ಬರಿದ್ದರು. ಎರಡು ರಿಂಗಿನ ಆಟವನ್ನು ಮೊದಲ ಸಲ ನೋಡಿದ ಮಕ್ಕಳು ಒಂದೇ ಅಂಕಕ್ಕೆ ಸೋತಿದ್ದರು. ಇಪ್ಪತ್ತೆರಡು ವರ್ಷ ಎರಡೂ ರಿಂಗು ಬಲ್ಲ ತಾವು ಆಡದೆಯೇ ಸೋತಿದ್ದೇವಲ್ಲ ಎನಿಸಿತು.

ಸೋಮವಾರ ಮಧ್ಯಾಹ್ನ ಮೇಷ್ಟ್ರು ಮೊದಲು ತಮ್ಮ ಸ್ಕೂಟರನ್ನು ರಸ್ತೆಯ ಬಿಸಿಲಿಗೆ ತಳ್ಳಿದರು. ಆಮೇಲೆ ಸ್ಟಾಫ್ ರೂಮಿಗೆ ಹೋಗಿ ಒಬ್ಬೊಬ್ಬರ ಹತ್ತಿರವೂ ಹಲ್ಲು ಗಿಂಜಿದರು. ಗಣಿತದವರು, "ಏನ್ರೀ, ಬಿಸಿಲು ತಲೆಗೆ ಹತ್ತಿತಾ?" ಎಂದು ಬೈದುಕೊಂಡೇ ಕಾರು ತೆಗೆದರು. ಲೈಬ್ರರಿ ಮೇಡಂ, "ಇಷ್ಟು ದಿನ ಯಾಕೆ ಕೇಳ್ಲಿಲ್ಲ ನೀವು?" ಎಂದರು. ಆ ಪ್ರಶ್ನೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ನಾಲ್ಕು ಗಂಟೆಯ ಹೊತ್ತಿಗೆ ಹತ್ತು ಕಾರು ಹೊರಟಿದ್ದವು. ಉಳಿದದ್ದು ಒಂದೇ, ಸರಿಯಾಗಿ ರಿಂಗಿನ ಕೆಳಗೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಸಭೆ ಸೇರಿದ್ದವಂತೆ. ಇಲ್ಲಿ ಸಭೆ ಸೇರಲು ಇನ್ನೊಂದು ಇಲಿಯೂ ಇರಲಿಲ್ಲ. ಏಳು ಹುಡುಗಿಯರು ಮಾತ್ರ ಚೆಂಡು ಹಿಡಿದು ನಿಂತು ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು. ಮೇಷ್ಟ್ರು ಮೆಟ್ಟಿಲು ಹತ್ತಿದರು.

"ಬನ್ನಿ ಬನ್ನಿ" ಎಂದರು ಪ್ರಿನ್ಸಿಪಾಲರು. "ಮ್ಯಾಚ್ ಏನಾಯ್ತು?"

"ಸೋತ್ವಿ ಸರ್. ಒಂದು ಪಾಯಿಂಟಲ್ಲಿ."

"ಅಲ್ಲಿಗೆ ಮುಗೀತಲ್ಲ. ಇಲ್ಲೊಂದು ಸಹಿ ಹಾಕಿ." ಕಾಗದ ಮೊದಲೇ ತಯಾರಾಗಿತ್ತು.

ಹಳೆಯ ಮಾತು ನಾಲಗೆಯ ತುದಿಗೆ ಬಂದು ಕೂತಿತು. ಮೇಷ್ಟ್ರು ಅದನ್ನು ನುಂಗಿದರು. ಕಾಗದವನ್ನು ಪ್ರಿನ್ಸಿಪಾಲರತ್ತಲೇ ಸರಿಸಿದರು. "ಇಲ್ಲ ಸರ್. ನಿಮ್ಮ ಕಾರಿನ ಕೀ ಬೇಕಿತ್ತು."

"ಏನಂದ್ರಿ?"

"ಬೇರೆ ಎಲ್ಲಾ ಕಾರೂ ತೆಗೆದಾಯ್ತು, ನಿಮ್ದೊಂದೇ ಉಳಿದಿರೋದು. ಮಕ್ಕಳು ಕಾಯ್ತಿದಾರೆ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ರೀ, ಸೋತು ಬಂದು ಇಷ್ಟು ಧೈರ್ಯ ಅಂದ್ರೆ, ಗೆದ್ದು ಬಂದಿದ್ರೆ ಏನ್ಮಾಡ್ತಿದ್ರಿ?"

"ಗೆದ್ದಿದ್ರೆ ನಾನಿಲ್ಲಿಗೆ ಬರ್ತಾನೇ ಇರ್ಲಿಲ್ಲ ಸರ್. ಅರ್ಧ ಕೋರ್ಟೇ ಸಾಕು ಅಂತ ಸುಮ್ನಾಗಿಬಿಡ್ತಿದ್ದೆ."

ಕೆಳಗೆ ಚೆಂಡು ಪುಟಿಯುವ ಸದ್ದು ಕೇಳುತ್ತಿತ್ತು. ಪ್ರಿನ್ಸಿಪಾಲರು ಮೇಜಿನ ಖಾನೆಯಿಂದ ಕೀ ತೆಗೆದು, ಕೊಡದೆ ತಾವೇ ಹಿಡಿದುಕೊಂಡು ಎದ್ದರು. "ನಿಮ್ಮ ಕೈಗೆ ನನ್ನ ಕಾರು ಕೊಡ್ತೀನಾ? ನಾನೇ ತೆಗೀತೀನಿ. ಇವತ್ತೊಂದಿನ ಮಾತ್ರ, ತಿಳೀತಾ?"

"ನಾಳೆನೂ ಬಂದು ಕೇಳ್ತೀನಿ ಸರ್" ಎಂದರು ಮೇಷ್ಟ್ರು.